ಗದ್ದೆಯ ಗಾಲಿ, ಡಾಂಬರಿನ ಗಾಲಿ: ದಿನವೂ ಓಡುವ ಫೋರ್ ಬೈ ಫೋರ್ ಗಾಡಿಗೆ ಎಷ್ಟು ದೊಡ್ಡ ಟೈರು ಬೇಕು?

ಜುಲೈ ತಿಂಗಳಲ್ಲಿ ಮುಂಡಗೋಡದ ಗದ್ದೆಗಳಲ್ಲಿ ನೀರು ನಿಂತು ನಾಟಿಯ ಹದ ಬಂತೆಂದರೆ ಟ್ರ್ಯಾಕ್ಟರುಗಳ ಹಿಂದಿನ ಗಾಲಿಗೆ ಕೇಜ್‌ವೀಲ್ ಏರುತ್ತದೆ. ಕಬ್ಬಿಣದ ಪಟ್ಟಿಗಳನ್ನು ಪಂಜರದ ಹಾಗೆ ಬೆಸೆದ ಆ ಗಾಲಿ ಟ್ರ್ಯಾಕ್ಟರನ್ನು ಕೆಸರಿನಲ್ಲಿ ಹೂತುಹೋಗಲು ಬಿಡದೆ ಎತ್ತಿ ಹಿಡಿಯುತ್ತದೆ, ಮಣ್ಣನ್ನು ಕಲಸಿ ರಾಡಿ ಮಾಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕಳಚಿಯೇ ಡಾಂಬರಿಗೆ ಬರಬೇಕು. ಕಳಚದೆ ಬಂದರೆ ರಸ್ತೆಯೂ ಕಿತ್ತುಹೋಗುತ್ತದೆ, ಗಾಡಿಯೂ ಹಿಡಿತಕ್ಕೆ ಸಿಗುವುದಿಲ್ಲ. ಗದ್ದೆಗೊಂದು ಗಾಲಿ, ದಾರಿಗೊಂದು ಗಾಲಿ ಎಂಬುದನ್ನು ಇಲ್ಲಿಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಮನೆಯಂಗಳಕ್ಕೆ ಥಾರೋ, ಜಿಮ್ನಿಯೋ, ಹಳೆಯ ಜಿಪ್ಸಿಯೋ ಬಂದು ನಿಂತಾಗ ಈ ತಿಳಿವಳಿಕೆ ಹಿಂದೆ ಸರಿಯುತ್ತದೆ. ಕಂಪನಿ ಕೊಟ್ಟ ಟೈರು ತೆಗೆಸಿ, ಅದಕ್ಕಿಂತ ಎತ್ತರದ, ಅಗಲದ, ದಪ್ಪ ಬಟನ್ನಿನ ಟೈರು ಹಾಕಿಸಿ, ಅದರಲ್ಲೇ ವಾರವಿಡೀ ಡಾಂಬರಿನ ಮೇಲೆ ಓಡಾಡುವುದು ಕಾಣುತ್ತದೆ. ದಿನವೂ ಓಡುವ ಫೋರ್ ಬೈ ಫೋರ್ ಗಾಡಿಗೆ ಈ ಸೀಮೆಯಲ್ಲಿ ಬೇಕಾಗಿರುವುದು ಸರಿಯಾದ ಗ್ರಿಪ್ಪು ಮತ್ತು ಸರಿಯಾದ ಗಾಳಿ. ಟೈರಿನ ಎತ್ತರದಿಂದ ಸಿಗುವ ಲಾಭ ಬೆರಳಗಲದ್ದು, ಅದಕ್ಕೆ ತೆರುವ ಬೆಲೆ ಮಾತ್ರ ಪ್ರತಿ ಕಿಲೋಮೀಟರಿನದು ಎಂಬುದು ನನ್ನ ವಾದ.

ಮೊದಲು ದಾರಿಗಳನ್ನು ನೋಡಬೇಕು. ಮುಂಡಗೋಡ ಅರೆಮಲೆನಾಡು. ದೊಡ್ಡ ದವಾಖಾನೆ, ಮಾರುಕಟ್ಟೆ, ಕಾಲೇಜು, ರೈಲು ಎಲ್ಲದಕ್ಕೂ ಸುಮಾರು 45 ಕಿಲೋಮೀಟರು ದೂರದ ಹುಬ್ಬಳ್ಳಿಗೇ ಹೋಗಬೇಕು. 1966ರಲ್ಲಿ ನೆಲೆಗೊಂಡ ಟಿಬೆಟನ್ ಕಾಲೋನಿಯಿಂದ ಹೊರಡುವ ಬಾಡಿಗೆ ಕಾರುಗಳ ದಿಕ್ಕೂ ಹೆಚ್ಚಾಗಿ ಅದೇ. ಹಳಿಯಾಳದಲ್ಲಿ ಕಬ್ಬಿನ ಹಂಗಾಮಿಗೆ ಟ್ರ್ಯಾಕ್ಟರು ಟ್ರೇಲರುಗಳು ಹೊಲದ ದಾರಿಗಳನ್ನು ಅಡ್ಡಾದಿಡ್ಡಿ ಕೊರೆದಿರುತ್ತವೆ, ಆದರೆ ಹೊಲ ದಾಟಿದ ಕೂಡಲೇ ಡಾಂಬರು. ಕಾಗದ ಕಾರ್ಖಾನೆಯ ಪಟ್ಟಣ ದಾಂಡೇಲಿಗೆ ಈಗ ಹೋಮ್‌ಸ್ಟೇ ಮತ್ತು ಸಫಾರಿಯ ವ್ಯವಹಾರ ಸೇರಿದೆ. ನಿಜವಾಗಿ ಕಷ್ಟದ ದಾರಿಗಳಿರುವುದು ಜೋಯಿಡಾದಲ್ಲಿ. ಅಣಶಿಯ ಮಳೆ, ಡಿಗ್ಗಿಯ ಕಡೆಯ ಚಡಾವು, ಚಿರೇಕಲ್ಲಿನ ಮೇಲೆ ತೆಳ್ಳಗೆ ಹರಡಿದ ಕೆಂಪು ಜಾರು, ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಗಳು. ಕುಣಬಿ, ಗೌಳಿ, ಸಿದ್ದಿ ಸಮುದಾಯಗಳ ಎಷ್ಟೋ ಮನೆಗಳಿಗೆ ಇಂಥ ದಾರಿಯೇ ಗತಿ. ಅಲ್ಲಿ ಫೋರ್ ಬೈ ಫೋರ್ ಗಾಡಿ ಇರುವುದು ಬಾಣಂತಿಯನ್ನೋ ರೋಗಿಯನ್ನೋ ಹೊತ್ತಿಗೆ ಸರಿಯಾಗಿ ದವಾಖಾನೆಗೆ ಮುಟ್ಟಿಸಲು. ಹಾಗಾಗಿ ಟೈರಿನ ವಿಚಾರವನ್ನು ಯುವಕರ ಶೋಕಿಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆದರೆ ಆ ಗಾಡಿಯೂ ಹತ್ತು ಕಿಲೋಮೀಟರು ಕಚ್ಚಾ ದಾರಿ ಓಡಿದರೆ ಐವತ್ತು ಅರವತ್ತು ಕಿಲೋಮೀಟರು ಡಾಂಬರಿನ ಮೇಲೆ, ಅದೂ ಒದ್ದೆ ಡಾಂಬರಿನ ಮೇಲೆ ಓಡುತ್ತದೆ. ಈ ದಾರಿಗಳಾಚೆಗಿನ ಕಾಡಿನ ನೆಲವಂತೂ ಗಾಡಿಗೆ ಮುಕ್ತವಲ್ಲ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಗಿ 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಆ ಕಾಡಿನೊಳಗೆ ಮನಬಂದಲ್ಲಿ ಗಾಡಿ ನುಗ್ಗಿಸಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಬಿಡಲೂಬಾರದು.

ಇನ್ನು ಟೈರಿನ ಪಕ್ಕೆಯ ಮೇಲೆ ಬರೆದ ಅಂಕಿಗಳಿಗೆ ಬರೋಣ. 245/75 ಆರ್ 16 ಎಂದರೆ ಅಗಲ 245 ಮಿಲಿಮೀಟರು, ಪಕ್ಕೆಯ ಎತ್ತರ ಅಗಲದ ನೂರಕ್ಕೆ 75 ಪಾಲು, ಡಿಸ್ಕಿನ ವ್ಯಾಸ 16 ಇಂಚು. ಎರಡು ಪಕ್ಕೆ ಮತ್ತು ಡಿಸ್ಕು ಕೂಡಿಸಿದರೆ ಟೈರಿನ ಪೂರ್ತಿ ಎತ್ತರ ಸುಮಾರು 774 ಮಿ.ಮೀ. 2020ರಲ್ಲಿ ಬಂದ ಥಾರಿನ ಎಎಕ್ಸ್ ಮಾದರಿಗಳಿಗೆ ಕಂಪನಿ ಕೊಟ್ಟ ಅಳತೆ ಇದು. ಇದನ್ನು ತೆಗೆದು 265/75 ಆರ್ 16 ಹಾಕಿಸಿದರೆ ಎತ್ತರ 804 ಮಿ.ಮೀ. ಆಗುತ್ತದೆ. ಮೂವತ್ತು ಮಿಲಿಮೀಟರು ಹೆಚ್ಚಾಯಿತೆಂದು ಗಾಡಿ ಮೂವತ್ತು ಮಿಲಿಮೀಟರು ಮೇಲೇಳುವುದಿಲ್ಲ. ಆಕ್ಸಲು ಟೈರಿನ ನಡುಮಧ್ಯದಲ್ಲಿ ಇರುವುದರಿಂದ ಸಿಗುವುದು ಅದರ ಅರ್ಧ, 15 ಮಿ.ಮೀ., ಹೆಬ್ಬೆರಳಿನ ಅಗಲಕ್ಕಿಂತ ಕಡಿಮೆ. ಕಬ್ಬಿನ ಟ್ರೇಲರು ಕೊರೆದ ಗೇಣಾಳದ ಹಳ್ಳಕ್ಕೆ ಈ 15 ಮಿಲಿಮೀಟರು ಏನು ಮಾಡೀತು? ಹಳೆಯ ಜಿಪ್ಸಿಯಲ್ಲಿ ಬದಲಾವಣೆ ಇನ್ನೂ ದೊಡ್ಡದು. ಅದರ 205/70 ಆರ್ 15 ಟೈರಿನ ಎತ್ತರ 668 ಮಿ.ಮೀ.; ಅದರ ಜಾಗದಲ್ಲಿ 235/75 ಆರ್ 15 ಬಂದರೆ 733. ಗಾಡಿ ಮೇಲೇಳುವುದು 33 ಮಿ.ಮೀ. ಇದು ಅಲ್ಪವಲ್ಲ ಎಂದು ಒಪ್ಪುತ್ತೇನೆ. ಜಿಪ್ಸಿ, ಜಿಮ್ನಿಯಂಥ ಗಾಡಿಗಳ ಅಡ್ಡ ಆಕ್ಸಲಿನ ನಡುವೆ ಇರುವ ಡಿಫರೆನ್ಶಿಯಲ್ ಗುಂಡು ನೆಲಕ್ಕೆ ಎಲ್ಲಕ್ಕಿಂತ ಹತ್ತಿರದ ಭಾಗ. ಲಿಫ್ಟ್ ಕಿಟ್ ಹಾಕಿಸಿದರೆ ಬಾಡಿ ಮೇಲೇಳುತ್ತದೆಯೇ ಹೊರತು ಆ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ಟೈರು ಒಂದೇ. ದೊಡ್ಡ ಟೈರಿನ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದು, ಇದನ್ನು ಮರೆಮಾಚಿ ವಾದ ಮಾಡಬಾರದು.

ಹಾಗಾದರೆ ಆ 33 ಮಿಲಿಮೀಟರಿಗೆ ಜಿಪ್ಸಿ ತೆರುವುದೇನು? ಟೈರಿನ ಎತ್ತರ ನೂರಕ್ಕೆ ಸುಮಾರು 10ರಷ್ಟು ಹೆಚ್ಚಿತು. ಎಂಜಿನ್ನು ಅದೇ, ಗೇರುಗಳು ಅವೇ, ಕ್ರೌನ್ ಪಿನಿಯನ್ನಿನ ಹಲ್ಲುಗಳೂ ಅಷ್ಟೇ. ನೆಲವನ್ನು ಹಿಂದಕ್ಕೆ ತಳ್ಳುವ ಬಲ ಮಾತ್ರ ಎಲ್ಲ ಗೇರುಗಳಲ್ಲೂ ನೂರಕ್ಕೆ ಒಂಬತ್ತರಷ್ಟು ಕಡಿಮೆಯಾಯಿತು. 1.3 ಲೀಟರಿನ ಎಂಜಿನ್ನಿಗೆ ಇದು ಹಗುರದ ಹೊರೆಯಲ್ಲ. ಚಡಾವಿನಲ್ಲಿ ಸೆಕೆಂಡ್ ಗೇರಿನಲ್ಲಿ ಏರುತ್ತಿದ್ದ ಗಾಡಿ ಫಸ್ಟ್ ಕೇಳುತ್ತದೆ, ಚಾಲಕ ಅರ್ಧ ಕ್ಲಚ್ಚಿನಲ್ಲಿ ಹಿಡಿಯುತ್ತಾನೆ, ಕ್ಲಚ್ ಪ್ಲೇಟು ಸುಡುತ್ತದೆ. ಅದೇ ಲೆಕ್ಕ ಬ್ರೇಕಿಗೂ ಇದೆ. ದೊಡ್ಡ ಗಾಲಿಯನ್ನು ಅಷ್ಟೇ ದೂರದಲ್ಲಿ ನಿಲ್ಲಿಸಲು ಬ್ರೇಕು ನೂರಕ್ಕೆ ಹತ್ತರಷ್ಟು ಹೆಚ್ಚು ದುಡಿಯಬೇಕು. ಇದರ ಮೇಲೆ ತೂಕದ ಪ್ರಶ್ನೆ. ದಪ್ಪ ಬಟನ್ನಿನ ದೊಡ್ಡ ಟೈರು ಒಂದೊಂದೂ ಮೂಲದ ಟೈರಿಗಿಂತ ಐದಾರು ಕಿಲೋ ಹೆಚ್ಚು ತೂಗುವುದು ಸಾಮಾನ್ಯ. ಗಾಲಿಯ ಅಂಚಿನಲ್ಲಿ ತಿರುಗುವ ಒಂದು ಕಿಲೋ, ಗಾಡಿ ವೇಗ ಹಿಡಿಯುವಾಗಲೂ ನಿಲ್ಲುವಾಗಲೂ ಹೆಚ್ಚುಕಡಿಮೆ ಎರಡು ಕಿಲೋದ ಭಾರವಾಗಿ ಎದುರಾಗುತ್ತದೆ. ಸೀಟಿನ ಹಿಂದೆ ಒಂದು ಅಕ್ಕಿ ಚೀಲ ಇಟ್ಟದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಆ ಚೀಲವನ್ನು ಸ್ಪ್ರಿಂಗು ಹೊರುತ್ತದೆ. ಗಾಲಿಯ ತೂಕವನ್ನು ಬೇರಿಂಗು, ಬಾಲ್ ಜಾಯಿಂಟು, ಟೈ ರಾಡು ಪ್ರತಿ ಗುಂಡಿಯಲ್ಲೂ ಹೊಡೆತವಾಗಿ ತಿನ್ನುತ್ತವೆ.

ಈ ನಷ್ಟ ಅಪಾಯವಾಗುವುದು ಘಟ್ಟ ಇಳಿಯುವಾಗ. ಮುಂಡಗೋಡದಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಅಂಕೋಲೆಗೆ ಇಳಿಯುವವರೂ ಜೋಯಿಡಾದಿಂದ ಅಣಶಿ ಘಟ್ಟದಲ್ಲಿ ಕದ್ರಾ, ಕಾರವಾರಕ್ಕೆ ಇಳಿಯುವವರೂ ಒಂದು ಹಳೆಯ ಪಾಠ ಬಲ್ಲರು: ಏರುವ ಗೇರಿನಲ್ಲೇ ಇಳಿಯಬೇಕು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ಎಂಜಿನ್ನು ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುವ ಆ ಶಕ್ತಿಯೂ ಗೇರಿನ ಮೂಲಕವೇ ಗಾಲಿಗೆ ಬರುವುದು. ಟೈರು ಎತ್ತರವಾದಷ್ಟೂ ಅದು ಕುಗ್ಗುತ್ತದೆ, ಕುಗ್ಗಿದ್ದನ್ನು ಬ್ರೇಕು ತುಂಬಿಕೊಡಬೇಕಾಗುತ್ತದೆ. ಅದೇ ಬ್ರೇಕಿನ ಮೇಲೆ ನೂರಕ್ಕೆ ಹತ್ತು ಪಾಲು ಹೊರೆ ಆಗಲೇ ಏರಿದೆ. ಮಳೆಯ ಘಟ್ಟದಲ್ಲಿ ದಪ್ಪ ಬಟನ್ನಿನ ಟೈರಿಗೆ ಇನ್ನೂ ಒಂದು ಕುಂದು ಇದೆ. ಬಟನ್ನುಗಳ ನಡುವಿನ ಖಾಲಿ ಜಾಗ ಕೆಸರನ್ನು ಹೊರಹಾಕಲು ಮಾಡಿದ್ದು, ಹಾಗಾಗಿ ಡಾಂಬರನ್ನು ಮುಟ್ಟುವ ರಬ್ಬರು ಕಡಿಮೆ. ಒದ್ದೆ ಡಾಂಬರಿನ ಮೇಲೆ ಅಂಥ ಟೈರಿನ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಇದರ ಜೊತೆಗೆ ಮೀಟರು ಸುಳ್ಳು ಹೇಳತೊಡಗುತ್ತದೆ. ದೊಡ್ಡ ಟೈರಿನ ಜಿಪ್ಸಿಯಲ್ಲಿ ಮುಳ್ಳು 60 ತೋರಿಸುವಾಗ ನಿಜವಾದ ವೇಗ 66ರ ಹತ್ತಿರ. ಮೀಟರು 10,000 ಕಿಲೋಮೀಟರು ತೋರಿಸುವ ಹೊತ್ತಿಗೆ ಗಾಡಿ ಹತ್ತಿರಹತ್ತಿರ 11,000 ಓಡಿರುತ್ತದೆ, ಅಂದರೆ ಆಯಿಲ್ ಬದಲಿಸುವ ಹೊತ್ತು ಯಾವಾಗಲೋ ದಾಟಿರುತ್ತದೆ. ಥಾರಿನ 804 ಮಿ.ಮೀ. ಟೈರಿನಲ್ಲಿ ಈ ವ್ಯತ್ಯಾಸ ನೂರಕ್ಕೆ ನಾಲ್ಕರೊಳಗೆ ಇರುತ್ತದೆ. ಮೂರರವರೆಗಿನ ವ್ಯತ್ಯಾಸವನ್ನು ಟೈರಿನ ಕೆಲಸ ಬಲ್ಲವರು ಸಾಮಾನ್ಯವಾಗಿ ಒಪ್ಪುತ್ತಾರೆ. ನನ್ನ ಗೆರೆಯೂ ಅಲ್ಲಿಯೇ ಬೀಳುತ್ತದೆ.

ದೊಡ್ಡ ಟೈರು ಬೇರೆ, ದೊಡ್ಡ ಡಿಸ್ಕು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಹಣ ಹೆಚ್ಚು ಪೋಲಾಗುತ್ತದೆ. ಹೊರಗಿನ ಎತ್ತರ ಹೆಚ್ಚುಕಡಿಮೆ ಅಷ್ಟೇ ಇಟ್ಟು 16 ಇಂಚಿನ ಬದಲು 18 ಅಥವಾ 20 ಇಂಚಿನ ಅಲಾಯ್ ಹಾಕಿದರೆ ಒಳಗೆ ಲೋಹ ಬೆಳೆಯುತ್ತದೆ, ರಬ್ಬರು ತೆಳ್ಳಗಾಗುತ್ತದೆ. 245/75 ಆರ್ 16ರ ಪಕ್ಕೆ 184 ಮಿ.ಮೀ.; 255/65 ಆರ್ 18ರದು 166; 265/50 ಆರ್ 20ರದು ಬರೀ 132. ಗುಂಡಿಯ ಅಂಚಿಗೋ ಚಿರೇಕಲ್ಲಿನ ಮೊನೆಗೋ ಬಡಿದಾಗ ಹೊಡೆತ ತಿನ್ನಬೇಕಾದದ್ದು ಈ ಪಕ್ಕೆ. ಅದು ತೆಳ್ಳಗಿದ್ದರೆ ಡಿಸ್ಕು ಬಾಗುತ್ತದೆ, ಇಲ್ಲವೇ ಟೈರಿನ ಒಳನೂಲು ಹರಿದು ಪಕ್ಕೆ ಉಬ್ಬುತ್ತದೆ. ಕಚ್ಚಾ ದಾರಿಯಲ್ಲಿ ಹೆಚ್ಚು ಓಡುವ ಜೋಯಿಡಾದ ಥಾರಿಗೆ ನಾನು ಹೇಳುವುದಾದರೆ ಉಲ್ಟಾ ದಾರಿ ಹೇಳುತ್ತೇನೆ. ಎಲ್‌ಎಕ್ಸ್ ಮಾದರಿಯ 18 ಇಂಚಿನ ಡಿಸ್ಕನ್ನು ಬಿಟ್ಟು, ಅದೇ ಗಾಡಿಯ ಇನ್ನೊಂದು ಮಾದರಿಗೆ ಕಂಪನಿಯೇ ಕೊಟ್ಟ 245/75 ಆರ್ 16ಕ್ಕೆ ಇಳಿಯಬಹುದು. ನೆಲದಿಂದ ಏಳು ಮಿಲಿಮೀಟರು ಕಳೆದುಕೊಳ್ಳುತ್ತೇವೆ, ಪಕ್ಕೆಯಲ್ಲಿ ಹದಿನೆಂಟು ಗಳಿಸುತ್ತೇವೆ. ಚಿಕ್ಕ ಡಿಸ್ಕು ನೋಡಲು ಸಪ್ಪೆ ಎನ್ನುವವರಿದ್ದಾರೆ. ಕಲ್ಲಿನ ದಾರಿಯಲ್ಲಿ ಆ ಸಪ್ಪೆಯೇ ಕಾಯುತ್ತದೆ.

ಕೆಸರಿನ ಪ್ರಶ್ನೆಗೆ ಎತ್ತರಕ್ಕಿಂತ ಅಗಲ, ಗ್ರಿಪ್ಪು, ಗಾಳಿ ಮುಖ್ಯ. ಅಗಲದ ಟೈರು ಕೆಸರಿನಲ್ಲಿ ಚೆನ್ನಾಗಿ ಹೋಗುತ್ತದೆ ಎಂಬ ನಂಬಿಕೆ ಅರ್ಧ ನಿಜ. ಆಳದವರೆಗೂ ಮೆತ್ತಗಿರುವ ಗದ್ದೆಯ ರಾಡಿಯಲ್ಲಿ ಅಗಲ ಬೇಕು, ಭಾರ ಹರಡಿ ಗಾಲಿ ಮುಳುಗದೆ ಇರಲು. ಅಲ್ಲಿ ಕೇಜ್‌ವೀಲ್ ಮಾಡುವುದೂ ಅದನ್ನೇ, ಆ ಕೆಲಸವನ್ನು ಯಾವ ಜೀಪಿನ ಟೈರೂ ಮಾಡಲಾರದು. ಆದರೆ ಅಣಶಿ, ಕ್ಯಾಸಲ್‌ರಾಕ್ ಕಡೆಯ ದಾರಿಗಳಲ್ಲಿ ಮೇಲೆ ನಾಲ್ಕು ಬೆರಳು ಜಾರುಮಣ್ಣು, ಕೆಳಗೆ ಗಟ್ಟಿ ನೆಲ. ಅಲ್ಲಿ ಕಿರಿದಾದ ಟೈರು ಜಾರನ್ನು ಸೀಳಿಕೊಂಡು ಗಟ್ಟಿ ನೆಲವನ್ನು ಕಚ್ಚುತ್ತದೆ. ಅಗಲದ್ದು ಮೇಲೆಯೇ ತೇಲಿ ಜಾರುತ್ತದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು ಆರು ಇಂಚು ಅಗಲದ, 16 ಇಂಚು ಡಿಸ್ಕಿನ ಟೈರಿನಲ್ಲೇ ಓಡಿತು. ಎಂಜಿನ್ನಿನ ಶಕ್ತಿ ಸುಮಾರು 60 ಎಚ್‌ಪಿ. ಅದರ ವಂಶದ ಮಹೀಂದ್ರಾ ಜೀಪುಗಳು ಮಲೆನಾಡಿನ ತೋಟ, ಕೂಪುಗಳಲ್ಲಿ ಹತ್ತಾರು ವರ್ಷ ಮಾಡಿದ ಕೆಲಸಕ್ಕೆ ಲೋ ಗೇರು, ಹಗುರ ಮೈ ಮತ್ತು ಕಿರಿದಾದ ಗಾಲಿಯೇ ಬಂಡವಾಳ. ಇನ್ನು ಗಾಳಿ. ಡಾಂಬರಿನ ಮೇಲೆ ಮೂವತ್ತು ಪಿಎಸ್‌ಐ ಆಸುಪಾಸಿನಲ್ಲಿ ಇರುವ ಒತ್ತಡವನ್ನು ಕೆಸರಿನ ಮುಂದೆ ಇಪ್ಪತ್ತರ ಹತ್ತಿರಕ್ಕೆ ಇಳಿಸಿದರೆ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಹಿಡಿತ ಕೂಡಲೇ ಬದಲಾಗುತ್ತದೆ. ಖರ್ಚು ಸೊನ್ನೆ. ಮತ್ತೆ ಡಾಂಬರಿಗೆ ಬರುವ ಮೊದಲು ತುಂಬಿಸಿಕೊಳ್ಳಲು ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಪಂಪು ಸಾಕು. ಸಾವಿರಾರು ರೂಪಾಯಿ ಟೈರಿಗೆ ಸುರಿಯುವವರು ಈ ಪಂಪು ಕೊಳ್ಳದೆ ಇರುವುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಕೆಲವು ಹಗುರದವು, ಕೆಲವು ಹಾಗಲ್ಲ. ಗಾಲಿ ದೊಡ್ಡದಾದಷ್ಟೂ ಗುಂಡಿ ಸಣ್ಣದಾಗುತ್ತದೆ, ಉಳವಿ ಜಾತ್ರೆಗೆ ಬರುವ ಚಕ್ಕಡಿಗಳ ಗಾಲಿ ನೋಡಿ ಎನ್ನುವ ಮಾತು ಗಟ್ಟಿಯಾದದ್ದು. ಧಾರವಾಡ, ಬೆಳಗಾವಿ ಕಡೆಯಿಂದ ಕಾಡಿನ ದಾರಿ ಹಿಡಿದು ಚನ್ನಬಸವಣ್ಣನ ಸನ್ನಿಧಿಗೆ ಬರುವ ಆ ಚಕ್ಕಡಿಗಳ ಎತ್ತರದ ಗಾಲಿಯಲ್ಲಿ ಬಡಿಗನ ತಿಳಿವಳಿಕೆ ಇದೆ, ನಿಜ. ಆದರೆ ಲೆಕ್ಕ ಹಾಕಿ ನೋಡಬೇಕು. ಒಂದಡಿ ಅಗಲದ ಗುಂಡಿಯಲ್ಲಿ 668 ಮಿ.ಮೀ. ಎತ್ತರದ ಗಾಲಿ ಸುಮಾರು 37 ಮಿಲಿಮೀಟರು ಇಳಿಯುತ್ತದೆ; 733ರ ಗಾಲಿ 33. ನಾಲ್ಕೂವರೆ ಅಡಿಯ ಚಕ್ಕಡಿ ಗಾಲಿ ಹದಿನೇಳರ ಆಸುಪಾಸು ಇಳಿದೀತು. ಗುಂಡಿಯನ್ನು ಸಣ್ಣದು ಮಾಡಬೇಕಾದರೆ ಚಕ್ಕಡಿಯಷ್ಟು ಬೆಳೆಯಬೇಕು, ಜೀಪಿನ ಮಡ್‌ಗಾರ್ಡಿನೊಳಗೆ ಹಿಡಿಯುವಷ್ಟು ಬೆಳೆದರೆ ಸಿಗುವುದು ನಾಲ್ಕು ಮಿಲಿಮೀಟರು. ಎತ್ತಿನ ನಡಿಗೆಯಲ್ಲಿ ಹೋಗುವ ಚಕ್ಕಡಿಗೆ ಎಪ್ಪತ್ತರ ವೇಗದಿಂದ ನಿಲ್ಲುವ ಕಷ್ಟವೂ ಇಲ್ಲ.

ಕಂಪನಿಯೇ ಟೈರು ದೊಡ್ಡದು ಮಾಡುತ್ತ ಬಂದಿದೆಯಲ್ಲ, ನಾವು ಮಾಡಿದರೆ ಏನು ತಪ್ಪು ಎಂಬುದು ಇನ್ನೊಂದು ಪ್ರಶ್ನೆ. 2010ರ ಥಾರಿನ 235/70 ಆರ್ 16 ಟೈರು 735 ಮಿ.ಮೀ. ಇದ್ದದ್ದು 2020ರ ಎಲ್‌ಎಕ್ಸ್‌ನಲ್ಲಿ 789ಕ್ಕೆ ಏರಿತು, ನಿಜ. ಆದರೆ ಆ ಹತ್ತು ವರ್ಷಗಳ ನಡುವೆ ಡೀಸೆಲ್ ಎಂಜಿನ್ನು 105 ಎಚ್‌ಪಿಯಿಂದ 130ಕ್ಕೆ, ತಿರುಗುಬಲ 247 ನ್ಯೂಟನ್ ಮೀಟರಿನಿಂದ 300ಕ್ಕೆ ಏರಿತು. ಚಾಸಿ, ಸಸ್ಪೆನ್ಷನ್ನು, ಗೇರ್‌ಬಾಕ್ಸು ಎಲ್ಲವೂ ಹೊಸದಾದವು. ಟೈರು ಅಲ್ಲಿ ಒಂದು ಕೂಡುಕುಟುಂಬದ ಸದಸ್ಯನಾಗಿ ಬೆಳೆಯಿತು. ಟೈರಿನ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಬದಲಾಗುವುದು ಅದೊಂದೇ. ದಾಂಡೇಲಿಯ ಸಫಾರಿ ಜಿಪ್ಸಿಗಳನ್ನು ತೋರಿಸುವವರಿಗೂ ಉತ್ತರ ಹೆಚ್ಚುಕಡಿಮೆ ಇದೇ: ಕಾಡಿನ ಮಣ್ಣುದಾರಿಯಲ್ಲಿ ನಿಧಾನವಾಗಿ ಸಾಗುವ ಗಾಡಿಯ ಅಗತ್ಯ ಬೇರೆ, ಹುಬ್ಬಳ್ಳಿ ರಸ್ತೆಯಲ್ಲಿ ಲಾರಿ ದಾಟಿ ಹೋಗುವ ಗಾಡಿಯ ಅಗತ್ಯ ಬೇರೆ. ಇನ್ನು ಚೆಂದದ ಮಾತು. ದುಡಿದು ಕೊಂಡ ಗಾಡಿ ಚೆಂದ ಕಾಣಲಿ ಎಂಬ ಆಸೆಯನ್ನು ನಾನು ಕೀಳಾಗಿ ಕಾಣುವುದಿಲ್ಲ, ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ನಾಡು ನಮ್ಮದು. ಮೂಲ ಅಳತೆಯಲ್ಲೇ ಒಳ್ಳೆಯ ಎಟಿ ಟೈರು, ಅಂದರೆ ಡಾಂಬರಿಗೂ ಮಣ್ಣಿಗೂ ನಡುವಿನ ಹದದ ಗ್ರಿಪ್ಪಿನ ಟೈರು ಹಾಕಿದರೆ ಗಾಡಿಯ ಗತ್ತು ಸಾಕಷ್ಟು ಬರುತ್ತದೆ. ಗಾಲಿ ಹೊರಚಾಚಲೆಂದು ಸ್ಪೇಸರ್ ಕೂರಿಸುವುದನ್ನು ಮಾತ್ರ ಯಾರಿಗೂ ಹೇಳಲಾರೆ. ಗಾಲಿ ಹೊರಗೆ ಸರಿದಷ್ಟೂ ಹಬ್ ಬೇರಿಂಗಿನ ಮೇಲೆ ಸನ್ನೆಕೋಲಿನ ಹಾಗೆ ಭಾರ ಬೀಳುತ್ತದೆ, ಸ್ಟೇರಿಂಗು ಗುಂಡಿಗುಂಡಿಗೂ ಕೈ ಎಳೆಯುತ್ತದೆ.

ಕಾನೂನಿನ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಮೂಲತಃ ಹೇಳಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಹಳದಿ ಫಲಕದ ಬಾಡಿಗೆ ಗಾಡಿಗಳ ನೋಂದಣಿ ವಿವರದಲ್ಲಿ ಟೈರಿನ ಅಳತೆಯೂ ಸೇರುವುದರಿಂದ ಪಾಸಿಂಗಿಗೆ ಹೋದಾಗ ಪ್ರಶ್ನೆ ಎದ್ದೇ ಏಳಬಹುದು. ದಂಡಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ವಿಮೆ. ಅಪಘಾತವಾದ ಮೇಲೆ, ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದಿಟ್ಟು ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆದರೆ ಬಡ ಕುಟುಂಬ ಕೋರ್ಟು ಅಲೆಯಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಹೆಜ್ಜೆ ದೊಡ್ಡದು ಬೇಕೆನ್ನುವವರಿಗೆ ಒಂದೆರಡು ಕಟ್ಟುಪಾಡುಗಳಿವೆ. ಬದಲಿಸಿದರೆ ಸ್ಟೆಪ್ನಿಯೂ ಸೇರಿ ಐದನ್ನೂ ಬದಲಿಸಬೇಕು. ಹಣ ಉಳಿಸಲು ಎರಡು ಟೈರು ಮಾತ್ರ ದೊಡ್ಡದು ಹಾಕಿಸಿ ಫೋರ್ ವೀಲ್ ಲಿವರು ಎಳೆದರೆ, ಮುಂದಿನ ಆಕ್ಸಲೂ ಹಿಂದಿನ ಆಕ್ಸಲೂ ಬೇರೆಬೇರೆ ಲೆಕ್ಕದಲ್ಲಿ ತಿರುಗಲು ಹೋಗಿ ನಡುವಿನ ಟ್ರಾನ್ಸ್‌ಫರ್ ಕೇಸು ಹಿಂಡಿಹೋಗುತ್ತದೆ. ಸ್ಟೆಪ್ನಿ ಹಿಂಬಾಗಿಲಿಗೆ ತೂಗುವ ಗಾಡಿಗಳಲ್ಲಿ ಆ ಬಾಗಿಲಿನ ಕೀಲುಗಳ ಮೇಲೆ ಹೆಚ್ಚುವ ತೂಕವನ್ನೂ ನೆನಪಿಡಬೇಕು. ಡಿಸ್ಕಿನ ಅಗಲ ಟೈರಿಗೆ ಹೊಂದಬೇಕು: 235/75 ಆರ್ 15 ಟೈರಿಗೆ ಕನಿಷ್ಠ ಆರು ಇಂಚು ಅಗಲದ ಡಿಸ್ಕು ಬೇಕು, ಜಿಮ್ನಿಯದು ಐದೂವರೆ. ಆ ಐದೂವರೆ ಇಂಚಿನ ಡಿಸ್ಕಿಗೇ ಕೂರುವ, ಮೂಲದ 195/80 ಆರ್ 15ಕ್ಕಿಂತ ನೂರಕ್ಕೆ ಒಂದೂವರೆಯಷ್ಟೇ ಎತ್ತರದ ಅಳತೆ 215/75 ಆರ್ 15. ಮೀಟರು, ಗೇರು, ಬ್ರೇಕು ಯಾವುದಕ್ಕೂ ಅದರ ಭಾರ ತಿಳಿಯುವುದಿಲ್ಲ. ಅದು ಬೊಲೆರೊದ ಅಳತೆ ಕೂಡ ಹೌದು. ಹುಬ್ಬಳ್ಳಿಯಿಂದ ತರಿಸಿದ ಅಪರೂಪದ ಅಳತೆಯ ಟೈರಿನ ಪಕ್ಕೆ ಕುಂಬಾರವಾಡಾದಾಚೆ ಮಳೆಯಲ್ಲಿ ಸೀಳಿದರೆ ವಾರ ಕಾಯಬೇಕು. ಈ ಅಳತೆಯದಾದರೆ ಪಂಕ್ಚರ್ ಅಂಗಡಿಯಲ್ಲಿ ಹಳೆಯದೊಂದು ಸಿಗುತ್ತದೆ, ಅಲ್ಲಿ ಇಲ್ಲದಿದ್ದರೆ ಬೊಲೆರೊ ನಿಂತಿರುವ ಮುಂದಿನ ಅಂಗಳದಲ್ಲಿ ಕೇಳಬಹುದು.